ಲಾಭ ಯಾವ ಬಾಗಿಲಿನಿಂದ ಬಂತು?

(ಜಮಾಅತ್‌ನ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ರಮಝಾನ್ ಸಮೀಪಿಸಿದೊಡನೆ ನಮ್ಮ ಪಟ್ಟಣಗಳ ವರ್ತಕರು ಝಕಾತ್‌ನ ಲೆಕ್ಕಕ್ಕೆ ಕೂರುತ್ತಾರೆ. ಕೈಯಲ್ಲಿರುವ ನಗದು ಎಷ್ಟು, ಅಂಗಡಿಯಲ್ಲಿರುವ ಮಾಲಿನ ಬೆಲೆ ಎಷ್ಟು, ಉದ್ರಿಯಲ್ಲಿ ವಸೂಲಾಗುವುದೆಷ್ಟು, ಮುಳುಗಿದ್ದೆಷ್ಟು ಎಂದು ಬರೆಯುತ್ತಾರೆ. ಅದರಿಂದ ತಾವು ಕೊಡಬೇಕಾದ ಸಾಲವನ್ನು ಕಳೆಯುತ್ತಾರೆ. (ಸಾಲ ಕಳೆಯುವ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯವಿದೆ. ಅದನ್ನು ವೇದಿಕೆಯಲ್ಲಿರುವ ಉಸ್ತಾದರಿಗೆ ಬಿಡೋಣ.) ವಾಣಿಜ್ಯಶಾಸ್ತ್ರದವರು ಅಢಾವೆ ಪತ್ರಿಕೆ ಅಥವಾ ಬ್ಯಾಲೆನ್ಸ್ ಶೀಟ್ ಎನ್ನುವುದು ಬಹುತೇಕ ಇದನ್ನೇ. ಝಕಾತ್‌ನಲ್ಲಿ ಅಂಗಡಿಯ ಕಪಾಟು, ತಕ್ಕಡಿಗಳು ಲೆಕ್ಕಕ್ಕಿಲ್ಲ, ಅಢಾವೆಯಲ್ಲಿ ಅವೂ ಸೇರುತ್ತವೆ, ಅಷ್ಟೇ. ಹೀಗೆ ಸ್ವಂತ ಅಂಗಡಿಯನ್ನು ವರ್ಷಕ್ಕೊಮ್ಮೆ ಇಷ್ಟು ನಿಷ್ಠುರವಾಗಿ ತೂಗುವ ನಾವು, ಅನ್ಯರ ಸಂಸ್ಥೆಗೆ ಮಗಳ ಮದುವೆಯ ಹಣವನ್ನು ಒಪ್ಪಿಸುವಾಗ ಮಾತ್ರ ಒಂದೇ ಒಂದು ಕಾಗದವನ್ನು ಕೇಳಿ ನೋಡುವುದಿಲ್ಲ.

2019ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಕುಸಿಯಿತು. ಅದರ ಮುಖ್ಯಸ್ಥರು ದುಬೈಗೆ ತೆರಳಿದರು. ಜುಲೈ ತಿಂಗಳಲ್ಲಿ ಹಿಂದಿರುಗಿದಾಗ ದಿಲ್ಲಿಯಲ್ಲಿ ಬಂಧನವಾಯಿತು. ಹತ್ತಾರು ಸಾವಿರ ದೂರುಗಳು ಬಂದವು. ನೊಂದವರಲ್ಲಿ ಬಹುಸಂಖ್ಯಾತರು ನಮ್ಮವರೇ. ವಿದೇಶದ ದುಡಿಮೆ, ನಿವೃತ್ತಿಯ ಹಣ, ಹಜ್ಜ್‌ಗೆಂದು ಕೂಡಿಟ್ಟದ್ದು ಎಲ್ಲವೂ ಅಲ್ಲಿ ಸೇರಿತ್ತು. ತನಿಖೆಯಲ್ಲಿ ಸರಕಾರಿ ಅಧಿಕಾರಿಗಳೂ ಧರ್ಮವಿದ್ವಾಂಸರೊಬ್ಬರೂ ಬಂಧಿತರಾದರು. ಕಣ್ಣು ತೆರೆದಿರಬೇಕಾದ ಸರಕಾರ ನಿದ್ರಿಸಿತ್ತೆಂಬುದು ನಿಜ. ಠೇವಣಿದಾರರ ಹಿತರಕ್ಷಣೆಗೆಂದು ಕರ್ನಾಟಕದಲ್ಲಿ 2004ರಲ್ಲೇ ಕಾನೂನು ಆಗಿತ್ತು. ಆದರೆ ಎಲ್ಲ ಹೊಣೆಯನ್ನೂ ಸರಕಾರದ ಹೆಗಲಿಗೆ ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಅಲ್ಲಿ ನಾವು ಒಂದು ಪ್ರಶ್ನೆಯನ್ನು ಕೇಳಿದ್ದೆವು: ‘ಇದು ಹಲಾಲೇ?’ ಉತ್ತರವೂ ಸಿಕ್ಕಿತ್ತು: ‘ಬಡ್ಡಿಯಲ್ಲ, ಲಾಭಾಂಶ.’ ಎರಡನೆಯ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಈ ಲಾಭ ಎಲ್ಲಿ ಹುಟ್ಟಿತು? ಮದ್ರಸದಲ್ಲಿ ಮುದಾರಬಾ ಅಧ್ಯಾಯವನ್ನು ನಾವು ಓದಿದ್ದೇವೆ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭವನ್ನು ಅರ್ಧ, ಮೂರನೇ ಒಂದು ಎಂದು ಪಾಲಿನಲ್ಲಿ ನಿಗದಿಪಡಿಸಬೇಕೇ ಹೊರತು ಇಂತಿಷ್ಟು ರೂಪಾಯಿ ಎಂದಲ್ಲ. ಹಾಗೆ ನಿಗದಿಪಡಿಸಿದರೆ ಕರಾರೇ ಅಸಿಂಧು. ನಷ್ಟವಾದರೆ ಅದು ಬಂಡವಾಳದ ಮೇಲೆಯೇ ಬೀಳುತ್ತದೆ. ಈ ಅಧ್ಯಾಯವನ್ನು ಕಂಠಪಾಠ ಮಾಡಿದವರೂ, ಲಕ್ಷ ರೂಪಾಯಿಗೆ ತಿಂಗಳು ತಿಂಗಳೂ ಮೂರು ಸಾವಿರದ ಹತ್ತಿರ ಬಂದಾಗ ಸುಮ್ಮನಿದ್ದರು. ತಿಂಗಳಿಗೆ ಶೇಕಡಾ 3 ಎಂದರೆ ವರ್ಷಕ್ಕೆ ಶೇಕಡಾ 36. ಬಂದದ್ದನ್ನು ಅಲ್ಲಿಯೇ ತೊಡಗಿಸಿದರೆ ಎರಡೇ ವರ್ಷಗಳಲ್ಲಿ ಹಣ ಇಮ್ಮಡಿ. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಬಗೆಯಲ್ಲಿ ಇಷ್ಟು ಗಳಿಸುವ ವ್ಯಾಪಾರ ಯಾವುದು? ನಮ್ಮ ಪೇಟೆಯಲ್ಲಿ ಅಂಥ ಒಂದು ಅಂಗಡಿಯನ್ನಾದರೂ ನಾವು ಕಂಡಿದ್ದೇವೆಯೇ?

ಈಗ ಲೆಕ್ಕವನ್ನು ಓದುವ ಬಗೆಗೆ ಬರೋಣ. ಒಬ್ಬ ಬಟ್ಟೆ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಈದ್‌ನ ತಿಂಗಳಲ್ಲಿ ಅವನು 10 ಲಕ್ಷ ರೂಪಾಯಿಯ ಬಟ್ಟೆ ಮಾರಿದ. ಬಟ್ಟೆಯ ಅಸಲು 7 ಲಕ್ಷ. ಬಾಡಿಗೆ ಮತ್ತು ಸಂಬಳ 1 ಲಕ್ಷ. ಲಾಭ–ನಷ್ಟದ ಪಟ್ಟಿಯಲ್ಲಿ 2 ಲಕ್ಷ ಲಾಭ ಕಾಣುತ್ತದೆ. ಆದರೆ 4 ಲಕ್ಷದ ಮಾಲು ಹೋದದ್ದು ಉದ್ರಿಯಲ್ಲಿ. ಗಲ್ಲಾಪೆಟ್ಟಿಗೆಗೆ ಬಂದದ್ದು 6 ಲಕ್ಷ, ಕೊಡಬೇಕಾದದ್ದು 8 ಲಕ್ಷ. ಲಾಭ ಮಾಡಿದ ತಿಂಗಳಲ್ಲೇ ಅವನು 2 ಲಕ್ಷ ಸಾಲ ಮಾಡಬೇಕಾಗುತ್ತದೆ. ಅವನು ವಂಚಕನಲ್ಲ. ಅವನಲ್ಲಿ ಲಾಭವಿದೆ, ನಗದಿಲ್ಲ.

ಮುಳುಗುವ ಯೋಜನೆಗಳಲ್ಲಿ ಇದು ತಿರುಗುಮುರುಗು. ಅಲ್ಲಿ ನಗದು ತುಂಬಿ ತುಳುಕುತ್ತದೆ, ಲಾಭವಿರುವುದಿಲ್ಲ. ಇಂದು ಸೇರಿದವನ ಹಣ ನಿನ್ನೆ ಸೇರಿದವನಿಗೆ ಲಾಭಾಂಶವಾಗಿ ಹೋಗುತ್ತದೆ. ಇದನ್ನು ಪತ್ತೆಹಚ್ಚಲು ಕಂಪೆನಿಗಳ ವಾರ್ಷಿಕ ಲೆಕ್ಕದಲ್ಲಿ ಮೂರನೆಯ ಪಟ್ಟಿಯೊಂದಿದೆ. ಅದು ನಗದು ಹರಿವಿನ ಪಟ್ಟಿ. ಅದರಲ್ಲಿ ಮೂರು ಬಾಗಿಲುಗಳು: ಹಣವು ವ್ಯಾಪಾರದಿಂದ ಬಂತೇ, ಆಸ್ತಿ ಮಾರಿ ಬಂತೇ, ಸಾಲ ಮತ್ತು ಹೊಸ ಬಂಡವಾಳದಿಂದ ಬಂತೇ? ಮೊದಲ ಬಾಗಿಲು ವರ್ಷಾನುಗಟ್ಟಲೆ ಮುಚ್ಚಿದ್ದು, ಮೂರನೆಯದರಿಂದಲೇ ಹಣ ಹರಿದು ಲಾಭಾಂಶ ಹಂಚಿಕೆಯಾಗುತ್ತಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಪಟ್ಟಿಯೇ ಸುಳ್ಳಾಗಿದ್ದರೆ? ನ್ಯಾಯವಾದ ಪ್ರಶ್ನೆ. ಹೈದರಾಬಾದ್‌ನ ಸತ್ಯಂ ಕಂಪ್ಯೂಟರ್ಸ್ ನಮ್ಮ ಸಮುದಾಯದ ಸಂಸ್ಥೆಯಲ್ಲ. (ವಂಚನೆಗೆ ಧರ್ಮವನ್ನು ಅಂಟಿಸುವ ಮಾಧ್ಯಮಗಳು ಇದನ್ನು ಗಮನಿಸಲಿ.) ಅಲ್ಲಿ ಹೆಸರಾಂತ ಲೆಕ್ಕಪರಿಶೋಧಕರ ಸಹಿಯೂ ಇತ್ತು. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿರುವ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ಒಂದು ತ್ರೈಮಾಸಿಕದಲ್ಲಿ 649 ಕೋಟಿ ಎಂದು ತೋರಿಸಿದ ವ್ಯವಹಾರ ಲಾಭ ವಾಸ್ತವದಲ್ಲಿ 61 ಕೋಟಿ. ಇಲ್ಲದ ಹಣಕ್ಕೆ 376 ಕೋಟಿ ಬಡ್ಡಿಯನ್ನೂ ಬರೆದಿದ್ದರು! ಆದುದರಿಂದ ಲಾಭ, ಅಢಾವೆ, ನಗದು ಈ ಮೂರನ್ನೂ ಪರಸ್ಪರ ಸಾಕ್ಷಿಗಳಂತೆ ಎದುರುಬದುರು ನಿಲ್ಲಿಸಿ ವಿಚಾರಿಸಬೇಕು. ಒಂದೇ ವರ್ಷದ್ದಲ್ಲ, ಕನಿಷ್ಠ ನಾಲ್ಕೈದು ವರ್ಷಗಳದ್ದು. ಅದೇ ವ್ಯಾಪಾರದ ಇತರರು ಗಳಿಸುವುದೆಷ್ಟೆಂದೂ ಪಕ್ಕದಲ್ಲಿಟ್ಟು ನೋಡಬೇಕು. ಆಗಲೂ ಎಲ್ಲ ಮೋಸವೂ ಸಿಕ್ಕಿಬೀಳುತ್ತದೆಂದು ನಾವು ಹೇಳಲಾರೆವು. ಆದರೆ ನಮ್ಮನ್ನು ನುಂಗಿದ ಯೋಜನೆಗಳು ಸತ್ಯಂನಷ್ಟು ಜಾಣತನದವಾಗಿರಲಿಲ್ಲ.

ಕಾಗದ ಎಲ್ಲಿ ಸಿಗುತ್ತದೆಂದು ಕೆಲವರು ಕೇಳುತ್ತಾರೆ. ಐಎಂಎಯಲ್ಲಿ ಹಣ ಕೊಟ್ಟ ಅನೇಕರನ್ನು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿಯ ಪಾಲುದಾರರೆಂದು ಬರೆಸಿಕೊಳ್ಳಲಾಗಿತ್ತು. ತಾನು ಪಾಲುದಾರನೆಂಬುದು ಎಷ್ಟೋ ಮಂದಿಗೆ ಅರ್ಥವಾಗಿರಲಿಲ್ಲ. ಪಾಲುದಾರನಿಗೆ ಲೆಕ್ಕ ಕೇಳುವ ಹಕ್ಕಿದೆ. 2008ರ ಎಲ್‌ಎಲ್‌ಪಿ ಕಾಯಿದೆಯ ಪ್ರಕಾರ ಇಂಥ ಸಂಸ್ಥೆ ಪ್ರತಿವರ್ಷ ತನ್ನ ಲೆಕ್ಕವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು, ನಿಗದಿತ ಶುಲ್ಕ ಕೊಟ್ಟು ಯಾರೂ ಅದನ್ನು ಪರಿಶೀಲಿಸಬಹುದು. ಕಂಪೆನಿಗಳಿಗೂ ಹೀಗೆಯೇ. ಲೆಕ್ಕವನ್ನೇ ಸಲ್ಲಿಸಿಲ್ಲವೆಂದರೆ ಅದೂ ಒಂದು ಉತ್ತರ.

ಸೂರಃ ಅಲ್ ಬಕರದ 282ನೆಯ ಸೂಕ್ತ ಕುರ್‌ಆನಿನಲ್ಲೇ ಅತಿ ದೀರ್ಘವಾದುದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು ಮತ್ತು ಸಾಕ್ಷಿ ನಿಲ್ಲಿಸುವುದು. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂಬ ತಾಕೀತೂ ಅಲ್ಲಿದೆ. ಹಾಗಿರುವಾಗ ‘ಲೆಕ್ಕ ತೋರಿಸಿ’ ಎಂದರೆ ‘ನಿಮಗೆ ನಮ್ಮ ಮೇಲೆ ವಿಶ್ವಾಸವಿಲ್ಲವೇ?’ ಎಂದು ಗಡ್ಡ ನೀವುವವರ ಮುಂದೆ ನಾವೇಕೆ ನಾಚಬೇಕು? ಈ ನಾಚಿಕೆಯೇ ಅವರ ಅಸಲು ಬಂಡವಾಳ.

ಸಹೋದರಿಯರಿಗೆ ಒಂದು ಮಾತು. ಮನೆಯ ಚಿನ್ನವನ್ನು ಅಡವಿಟ್ಟು ಹಣ ಹೂಡಿದ ಕುಟುಂಬಗಳಲ್ಲಿ, ಆ ಚಿನ್ನದ ಒಡತಿಯನ್ನು ಕೇಳಿದವರು ವಿರಳ. ಮಹ್ರ್ ಸ್ತ್ರೀಯ ಸ್ವಂತ ಸೊತ್ತು. ಲೆಕ್ಕ ಓದುವ ತರಗತಿಯಲ್ಲಿ ಮೊದಲ ಸಾಲು ನಿಮ್ಮದೇ ಆಗಿರಬೇಕು.

ಜಮಾಅತ್‌ನ ಮುಂದೆ ನಮ್ಮ ಬೇಡಿಕೆ ದೊಡ್ಡದಲ್ಲ. ಈ ಬಾರಿ ಶಅಬಾನ್ ತಿಂಗಳ ನಾಲ್ಕು ಆದಿತ್ಯವಾರ ಮದ್ರಸದ ಒಂದು ಕೊಠಡಿಯನ್ನು ಬಿಟ್ಟುಕೊಡಲಿ. ಊರಿನ ವಾಣಿಜ್ಯ ಪದವೀಧರರು ಕಲಿಸಲಿ, ಒಬ್ಬ ಉಸ್ತಾದರು ಜೊತೆಗಿರಲಿ. ಮೊದಲ ದಿನ ಬರುವವರು ತಮ್ಮ ಅಂಗಡಿಯ ಉದ್ರಿ ಪುಸ್ತಕವನ್ನು ತರಲಿ. ಅಂಗಡಿ ಇಲ್ಲದವರು ಈಗಾಗಲೇ ಹಣ ತೊಡಗಿಸಿರುವ ಸಂಸ್ಥೆಯ ರಶೀದಿಯನ್ನು ತರಲಿ.