ನವೋದಯದ ಬಾಗಿಲು ಮತ್ತು ನಮ್ಮ ಮಕ್ಕಳು
(ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವರ್ಷವರ್ಷವೂ ಮಳೆಗಾಲದಲ್ಲಿ ಶಾಲೆಗಳು ತೆರೆದ ಕೆಲವೇ ದಿನಗಳಲ್ಲಿ ಐದನೆಯ ಇಯತ್ತೆಯ ಮಕ್ಕಳ ಪಾಲಕರು ಒಂದೇ ಮಾತನ್ನು ಕೇಳುತ್ತ ಬರುತ್ತಾರೆ: “ಗುರುಗಳೇ, ನಮ್ಮ ಹುಡುಗನನ್ನು ನವೋದಯದ ಪರೀಕ್ಷೆಗೆ ಕೂಡ್ರಿಸಬೇಕೆಂದಿದ್ದೇವೆ, ಏನು ಮಾಡಬೇಕು?” ಈ ಪ್ರಶ್ನೆಗೆ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲರ ಮುಂದೆ ಒಮ್ಮೆ ಸಾದ್ಯಂತವಾಗಿ ಹೇಳುವುದು ಲೇಸೆಂದು ಇಂದು ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪರೀಕ್ಷೆಗೆ ಮಗುವನ್ನು ಅಣಿಗೊಳಿಸುವ ಮುನ್ನ ಪಾಲಕರು ಅಣಿಯಾಗಬೇಕು. ಮಗು ಉತ್ತೀರ್ಣವಾದರೆ ಅದನ್ನು ಕಳುಹಿಸಲು, ಆಗದಿದ್ದರೆ ಅದನ್ನು ಅಕ್ಕರೆಯಿಂದ ಮನೆಯಲ್ಲಿರಿಸಿಕೊಳ್ಳಲು, ಎರಡಕ್ಕೂ.

ನವೋದಯ ವಿದ್ಯಾಲಯಗಳು ಏಕೆ ಹುಟ್ಟಿದವೆಂಬುದನ್ನು ಮೊದಲು ತಿಳಿಯೋಣ. ಹಳ್ಳಿಯ ಬುದ್ಧಿವಂತ ಮಗುವಿಗೆ, ತಂದೆತಾಯಿಗಳು ಎಷ್ಟೇ ಬಡವರಾಗಿರಲಿ, ಪಟ್ಟಣದ ಶ್ರೀಮಂತರ ಮಕ್ಕಳಿಗೆ ದೊರೆಯುವಂಥ ಶಿಕ್ಷಣವು ದೊರೆಯಬೇಕೆಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯವಾಗಿತ್ತು. ಪ್ರಯೋಗಾರ್ಥವಾಗಿ ಮೊದಲು ತೆರೆದ ಎರಡು ವಿದ್ಯಾಲಯಗಳಲ್ಲಿ ಒಂದು ಹರಿಯಾಣದ ಝಜ್ಜರದಲ್ಲಿಯೂ ಇನ್ನೊಂದು ನಮ್ಮದೇ ರಾಜ್ಯದ ಅಮರಾವತಿಯಲ್ಲಿಯೂ ಇದ್ದವು. ಸಾಂಗಲಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವು ಪಲೂಸದಲ್ಲಿದೆ. ಆರನೆಯ ಇಯತ್ತೆಯಿಂದ ಹನ್ನೆರಡನೆಯ ಇಯತ್ತೆಯವರೆಗೆ ಅಲ್ಲಿಯೇ ವಾಸ, ಅಲ್ಲಿಯೇ ಅಭ್ಯಾಸ. ಊಟ, ವಸತಿ, ಸಮವಸ್ತ್ರ, ಪುಸ್ತಕ ಇವೆಲ್ಲ ಉಚಿತ. ಒಂಬತ್ತನೆಯ ಇಯತ್ತೆಯಿಂದ ತಿಂಗಳಿಗೆ 600 ರೂಪಾಯಿಗಳ ವಿಕಾಸ ನಿಧಿಯುಂಟು. ಸರಕಾರಿ ನೌಕರರ ಮಕ್ಕಳಿಗೆ ಅದು ಹೆಚ್ಚು. ಹೆಣ್ಣುಮಕ್ಕಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮಕ್ಕಳಿಗೂ, ಅಂಗವಿಕಲರಿಗೂ, ಬಡತನದ ರೇಖೆಯ ಕೆಳಗಿನ ಕುಟುಂಬದವರಿಗೂ ಅದರ ವಿನಾಯಿತಿ ಇದೆ. ಒಣಬೇಸಾಯವನ್ನೇ ನಂಬಿದ ನಮ್ಮ ತಾಲೂಕಿನ ಪಾಲಕರಿಗೆ ಇದು ಸಣ್ಣ ಸವಲತ್ತಲ್ಲ.

ಆದರೆ ಬಾಗಿಲು ಇಕ್ಕಟ್ಟಾದುದು. ಒಂದು ವರ್ಷಕ್ಕೆ ಆರನೆಯ ಇಯತ್ತೆಗೆ ತೆಗೆದುಕೊಳ್ಳುವ ಮಕ್ಕಳು ಹೆಚ್ಚೆಂದರೆ 80. ನಮ್ಮ ಜಿಲ್ಲೆಯಲ್ಲಿ ತಾಲೂಕುಗಳು 10. ಬರಿಯ ಭಾಗಾಕಾರದ ಲೆಕ್ಕದಲ್ಲಿ ತಾಲೂಕಿಗೆ ಎಂಟು ಮಕ್ಕಳಾದರು. ಈ ಎಂಟು ಎಂಬ ಅಂಕಿಯನ್ನು ಪಾಲಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಪ್ರಯೋಜನವನ್ನು ಕೊನೆಯಲ್ಲಿ ಹೇಳುತ್ತೇವೆ.

ಈಗ ನಿಯಮಗಳ ಮಾತು. ಕನಿಷ್ಠ ನೂರಕ್ಕೆ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ಗ್ರಾಮೀಣನೆನಿಸಿಕೊಳ್ಳಲು ಮಗುವು ಮೂರು, ನಾಲ್ಕು, ಐದನೆಯ ಇಯತ್ತೆಗಳನ್ನು ಗ್ರಾಮೀಣ ಭಾಗದ ಶಾಲೆಯಲ್ಲಿ, ಪ್ರತಿಯೊಂದನ್ನೂ ಪೂರ್ಣ ವರ್ಷ, ಕಲಿತಿರಬೇಕು. ಒಟ್ಟು ಸ್ಥಾನಗಳಲ್ಲಿ ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳದು. ಆದುದರಿಂದ ಮಗನಿಗೊಂದೇ ಅರ್ಜಿ ಹಾಕಿ ಮಗಳನ್ನು ಮರೆಯುವ ಪಾಲಕರು ತಮ್ಮ ಮನೆಯ ಅವಕಾಶವನ್ನು ತಾವೇ ಕಳೆದುಕೊಳ್ಳುತ್ತಾರೆ. ಜನ್ಮದಿನಾಂಕದ ಮೇರೆಯನ್ನು ವರ್ಷಕ್ಕೊಮ್ಮೆ ಗೊತ್ತುಪಡಿಸುತ್ತಾರೆ. 2026ರ ಪ್ರವೇಶಕ್ಕೆ ಅದು 2014ರ ಮೇ 1ರಿಂದ 2016ರ ಜುಲೈ 31ರವರೆಗೆ ಇದ್ದಿತು. ಈ ಪರೀಕ್ಷೆಗೆ ಒಂದು ಮಗು ಒಂದೇ ಸಲ ಕೂಡಬಹುದು, ಎರಡನೆಯ ಸಲಕ್ಕೆ ಎಡೆಯಿಲ್ಲ.

ನಮ್ಮಂಥ ಗಡಿಯ ಜನರು ವಿಶೇಷವಾಗಿ ಗಮನಿಸಬೇಕಾದ ನಿಯಮವೊಂದಿದೆ. ಮಗುವು ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತದೆಯೋ ಅದೇ ಜಿಲ್ಲೆಯಲ್ಲಿ ವಾಸಿಸಬೇಕು, ಅದೇ ಜಿಲ್ಲೆಯಲ್ಲಿ ಐದನೆಯ ಇಯತ್ತೆಯನ್ನು ಓದುತ್ತಿರಬೇಕು. ನಮ್ಮಲ್ಲಿ ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ ಎಲ್ಲವೂ ಗಡಿಯ ಆಚೆ ಈಚೆ ನಡೆದುಕೊಂಡು ಬಂದಿವೆ. ಕನ್ನಡ ಚೆನ್ನಾಗಿ ಬರಲೆಂದು ಮಗುವನ್ನು ವಿಜಯಪುರ ಜಿಲ್ಲೆಯ ಸೋದರಮಾವನ ಊರಿನಲ್ಲಿ ಓದಲಿಕ್ಕಿಡುವವರೂ ಇದ್ದಾರೆ. ಇಂಥ ಮಗುವಿನ ಮನೆ ಸಾಂಗಲಿ ಜಿಲ್ಲೆಯಲ್ಲಿ, ಶಾಲೆ ವಿಜಯಪುರ ಜಿಲ್ಲೆಯಲ್ಲಿ ಎಂದಾದಾಗ ಪಲೂಸವೂ ತಪ್ಪುತ್ತದೆ, ಆಲಮಟ್ಟಿಯಲ್ಲಿರುವ ವಿಜಯಪುರದ ನವೋದಯವೂ ತಪ್ಪುತ್ತದೆ. ಎಲ್ಲಿ ಓದಿಸಬೇಕೆಂಬುದನ್ನು ಮೂರನೆಯ ಇಯತ್ತೆಯ ಹೊತ್ತಿಗೇ ನಿರ್ಧರಿಸಿದರೆ ಈ ಸಂಕಟವಿಲ್ಲ.

ಇದಕ್ಕೂ ಮಿಗಿಲಾದ ತೊಡಕು ಕಬ್ಬು ಕಡಿಯಲು ಹೋಗುವ ಕುಟುಂಬಗಳದು. ದೀಪಾವಳಿಯ ಸುಮಾರಿಗೆ ಗಾಡಿ ಕಟ್ಟಿಕೊಂಡು ಕೃಷ್ಣೆಯ ತೀರಕ್ಕೆ ಹೋಗುವವರು ಹಂಗಾಮು ಮುಗಿದ ಮೇಲೆಯೇ ಮರಳುತ್ತಾರೆ. ಚಳಿಗಾಲದಲ್ಲಿ ಬರುವ ಈ ಪರೀಕ್ಷೆಯ ಹೊತ್ತಿಗೆ ಆ ಮಗುವು ಫಡದಲ್ಲಿರುತ್ತದೆ. ಹಾಜರಿಯೂ ಇಲ್ಲ, ಅಭ್ಯಾಸವೂ ಇಲ್ಲ. ತಾಯಂದಿರೇ, ಅಜ್ಜಿಯ ಬಳಿಯಲ್ಲಾಗಲಿ ಚಿಕ್ಕಮ್ಮನ ಬಳಿಯಲ್ಲಾಗಲಿ ಮಗುವನ್ನು ಊರಲ್ಲಿಯೇ ಬಿಟ್ಟುಹೋಗುವ ದಾರಿಯನ್ನು ಮೊದಲು ಯೋಚಿಸಿರಿ. ಅದಾಗದಿದ್ದರೆ ವಲಸೆಯ ಕುಟುಂಬಗಳ ಮಕ್ಕಳಿಗಾಗಿರುವ ಹಂಗಾಮಿ ವಸತಿಗೃಹದ ವಿಷಯವನ್ನು ಶಾಲೆಗೆ ಬಂದು ಕೇಳಿರಿ. ನವೋದಯವು ಯಾರಿಗಾಗಿ ಹುಟ್ಟಿತೋ ಆ ಮಗುವೇ ಅದರ ಬಾಗಿಲಿಗೆ ತಲುಪದಂತಾಗಬಾರದು.

ಅರ್ಜಿಗೆ ಶುಲ್ಕವಿಲ್ಲ. ಅದನ್ನು ಗಣಕಯಂತ್ರದ ಮೂಲಕ ತುಂಬಬೇಕು. ಮುಖ್ಯಾಧ್ಯಾಪಕರು ದೃಢೀಕರಿಸಿದ ಪ್ರಮಾಣಪತ್ರ, ಮಗುವಿನ ಭಾವಚಿತ್ರ, ಮಗುವಿನ ಮತ್ತು ಪಾಲಕರ ಸಹಿ ಬೇಕು. ನಮ್ಮ ಶಾಲೆಗಳ ದಾಖಲೆಯಲ್ಲಿ ಹೆಸರು ಕನ್ನಡದಲ್ಲಿರುತ್ತದೆ, ಬೇರೆ ಕಾಗದಗಳಲ್ಲಿ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತದೆ. ಒಂದೇ ಹೆಸರು ಮೂರು ಕಾಗದಗಳಲ್ಲಿ ಮೂರು ಬಗೆಯಾಗುವುದುಂಟು. ಆಧಾರ ಕಾರ್ಡಿನ ಹೆಸರು, ಶಾಲೆಯ ಹೆಸರು, ಜನ್ಮದಿನಾಂಕ ಇವುಗಳನ್ನು ನಾಲ್ಕನೆಯ ಇಯತ್ತೆಯಲ್ಲಿಯೇ ತಾಳೆನೋಡಿ ತಿದ್ದಿಸಿಕೊಳ್ಳಿರಿ. ಜಾತಿಯ ಪ್ರಮಾಣಪತ್ರಕ್ಕೆ ಕೊನೆಯ ಗಳಿಗೆಯಲ್ಲಿ ಕಚೇರಿಗೆ ಓಡಬೇಡಿರಿ. ಪರೀಕ್ಷೆಯ ದಿನವೂ ಪ್ರತಿವರ್ಷ ಒಂದೇ ಆಗಿರುವುದಿಲ್ಲ: 2025ರ ಪ್ರವೇಶಕ್ಕೆ 2025ರ ಜನವರಿ 18ರಂದು, 2026ರ ಪ್ರವೇಶಕ್ಕೆ 2025ರ ಡಿಸೆಂಬರ್ 13ರಂದು ಪರೀಕ್ಷೆ ನಡೆಯಿತು.

“ಕನ್ನಡ ಶಾಲೆಯ ಮಗು ಈ ಪರೀಕ್ಷೆಯಲ್ಲಿ ಹಿಂದೆ ಬೀಳುವುದಿಲ್ಲವೇ?” ಎಂದು ಹಲವರು ಅಂಜುತ್ತಾರೆ. ಪರೀಕ್ಷೆಯ ರಚನೆಯನ್ನು ನೋಡಿರಿ. ಎರಡು ತಾಸು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಎಂದರೆ 40 ಪ್ರಶ್ನೆ, 50 ಅಂಕ, ಬುದ್ಧಿಸಾಮರ್ಥ್ಯದ್ದು. ಅಲ್ಲಿರುವುದು ಆಕೃತಿಗಳು: ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಂಡೀತು, ಸರಣಿಯಲ್ಲಿ ಮುಂದಿನದು ಯಾವುದು ಎಂದು ಮುಂತಾಗಿ. ಚಿತ್ರಕ್ಕೆ ಭಾಷೆಯಿಲ್ಲ. ಅಂಕಗಣಿತಕ್ಕೆ 25 ಅಂಕ. ಮೂರು ಮೂರಲೆ ಒಂಬತ್ತು ಎಂಬುದು ಯಾವ ಭಾಷೆಯಲ್ಲಿಯೂ ಹತ್ತಾಗದು. ಉಳಿದ 25 ಅಂಕ ಭಾಷೆಗೆ. ಗದ್ಯಭಾಗವನ್ನು ಓದಿ ತಿಳಿದು ಉತ್ತರಿಸಬೇಕು. ಪರೀಕ್ಷೆ ನಡೆಯುವ ಭಾಷೆಗಳಲ್ಲಿ ಕನ್ನಡವೂ ಒಂದು. ಅರ್ಜಿ ತುಂಬುವಾಗ ನಮ್ಮ ರಾಜ್ಯಕ್ಕೆ ಆ ವರ್ಷ ಕೊಟ್ಟ ಭಾಷೆಗಳ ಪಟ್ಟಿಯನ್ನು ನೋಡಿ, ಮಗು ಕಲಿತ ಭಾಷೆಯನ್ನೇ ಎಚ್ಚರದಿಂದ ಗುರುತಿಸಿರಿ. ತುಂಬಿಕೊಡುವವನ ಕೈಗೆ ಅದನ್ನು ಬಿಡಬೇಡಿರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಮೂರು ಭಾಗಗಳಲ್ಲಿಯೂ ಬೇರೆಬೇರೆಯಾಗಿ ಅರ್ಹತೆ ಪಡೆಯಬೇಕಾದ್ದರಿಂದ ಒಂದನ್ನೇ ನಂಬಿ ಇನ್ನೊಂದನ್ನು ಕೈಬಿಡಬಾರದು. ದಿನವೂ ಒಂದು ಪುಟ ಕನ್ನಡವನ್ನು ಓದಿ ಅರ್ಥ ಹೇಳುವ ಮಗುವಿಗೆ, ಮನೆಯ ಲೆಕ್ಕವನ್ನು ಬಾಯಲ್ಲಿ ಮಾಡುವ ಮಗುವಿಗೆ, ಅರ್ಧ ತಯಾರಿ ಆದಂತೆಯೇ ಸರಿ. ಹತ್ತು ವರ್ಷದ ಕೂಸಿನ ಆಟವನ್ನೂ ನಿದ್ದೆಯನ್ನೂ ಕಸಿದುಕೊಂಡು ನಡೆಸುವ ತಯಾರಿಯು ತಯಾರಿಯಲ್ಲ.

ಇನ್ನು ಆಯ್ಕೆಯಾದ ಮಗುವಿನ ವಿಷಯ. ನಮ್ಮದು ಜಿಲ್ಲೆಯ ಮೂಡಣ ಅಂಚು, ಪಲೂಸವು ಪಡುವಣ ಭಾಗದ ಕೃಷ್ಣೆಯ ಕಣಿವೆ. ಮನಸ್ಸಾದಾಗ ಹೋಗಿ ನೋಡಿಬರುವಷ್ಟು ಹತ್ತಿರವಲ್ಲ. ಅಲ್ಲಿಯ ಪ್ರಾದೇಶಿಕ ಭಾಷೆ ಮರಾಠಿ. ಮೇಲಿನ ಇಯತ್ತೆಗಳಲ್ಲಿ ಹಿಂದಿ ಮತ್ತು ಇಂಗ್ಲಿಷಿನ ಮಾಧ್ಯಮ. ಒಂಬತ್ತನೆಯ ಇಯತ್ತೆಯಲ್ಲಿ ನೂರಕ್ಕೆ 30 ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ಪ್ರಾಂತದ ನವೋದಯಕ್ಕೆ ಕಳುಹಿಸುವ ಪದ್ಧತಿಯೂ ಇದೆ. ಇವೆಲ್ಲ ಒಳ್ಳೆಯವೇ, ದೇಶವನ್ನು ಅರಿಯಲು ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದ ನಮ್ಮ ಮಕ್ಕಳು ಭಾಷೆಗೆ ಬೆದರುವವರೂ ಅಲ್ಲ. ಆದರೆ ಅಂದಿನಿಂದ ಆ ಮಗುವಿಗೆ ಕನ್ನಡ ಅಕ್ಷರವನ್ನು ಉಳಿಸಿಕೊಡುವ ಶಾಲೆ ಮನೆಯೊಂದೇ. ಆದುದರಿಂದ ಕಳುಹಿಸುವ ಪಾಲಕರಿಗೆ ನಮ್ಮದೊಂದು ಬಿನ್ನಹ: ವಾರಕ್ಕೊಂದು ಪತ್ರವನ್ನು ಕನ್ನಡದಲ್ಲಿ ಬರೆಯಿರಿ, ಕನ್ನಡದಲ್ಲಿಯೇ ಉತ್ತರ ತರಿಸಿಕೊಳ್ಳಿರಿ. ಬರೆಯಬಾರದ ತಾಯಿಯು ನೆರೆಮನೆಯ ಹುಡುಗಿಯಿಂದ ಬರೆಯಿಸಲಿ. ರಜೆಗೆ ಬಂದಾಗ ಕೈಗೆ ಕನ್ನಡ ಪುಸ್ತಕವನ್ನು ಕೊಡಿರಿ. ಇದಕ್ಕೆ ಖರ್ಚಿಲ್ಲ, ನೆನಪು ಮಾತ್ರ ಬೇಕು. ಕಳುಹಿಸುವ ಮುನ್ನ ಮಗುವನ್ನೂ ಒಂದು ಮಾತು ಕೇಳಿರಿ. ಹೋಗುವುದು ಅದು, ನಾವಲ್ಲ.

ಈಗ ಆ ಎಂಟರ ಲೆಕ್ಕಕ್ಕೆ ಬರೋಣ. ತಾಲೂಕಿನಿಂದ ಎಂಟೇ ಮಕ್ಕಳು ಹೋಗಬಹುದಾದರೆ, ಪರೀಕ್ಷೆಗೆ ಕುಳಿತ ಉಳಿದವರೆಲ್ಲ ದಡ್ಡರೇ? ಖಂಡಿತ ಅಲ್ಲ. ಸ್ಥಾನ ಮುಗಿಯಿತು, ಬುದ್ಧಿ ಮುಗಿಯಲಿಲ್ಲ. ಫಲಿತಾಂಶದ ದಿನ “ನಿನ್ನಿಂದ ಆಗಲಿಲ್ಲ” ಎಂಬ ಮಾತು ಯಾವ ಮನೆಯಲ್ಲಿಯೂ ಕೇಳಬಾರದು. ಹತ್ತು ವರ್ಷದ ಎದೆಯಲ್ಲಿ ಆ ಮಾತು ಬಹುಕಾಲ ಉಳಿಯುತ್ತದೆ. ಈ ಪರೀಕ್ಷೆಗಾಗಿ ಕಲಿತ ಲೆಕ್ಕವೂ ಬೆಳೆದ ಓದೂ ಎಲ್ಲಿಗೂ ಹೋಗುವುದಿಲ್ಲ. ಊರಿನ ಶಾಲೆಯಲ್ಲಿಯೇ ಓದುವ ಮಗುವಿಗೆ ಎಂಟನೆಯ ಇಯತ್ತೆಯಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನದ ಪರೀಕ್ಷೆಯಿದೆ. ಕುಟುಂಬದ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ಇಯತ್ತೆಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಅದು ಸರಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೇ ಇರುವಂಥದು. ನವೋದಯದ ಮಕ್ಕಳಿಗೆ ಇಲ್ಲ. ಒಂದು ಬಾಗಿಲು ಮುಚ್ಚಿದ ಮನೆಯಲ್ಲಿ ಇನ್ನೊಂದು ತೆರೆದೇ ಇದೆ.

ವಿದ್ಯಾರ್ಥಿಗಳೇ, ನಿಮಗೆ ಎರಡೇ ಮಾತು. ಆಯ್ಕೆಯಾಗಿ ಹೋಗುವವರು, ಉಳಿದ ಗೆಳೆಯರಿಗಿಂತ ತಾವು ಮೇಲೆಂದು ಭಾವಿಸಬಾರದು. ಉಳಿಯುವವರು, ಇದು ಸೋತವರ ಶಾಲೆಯೆಂದು ಭಾವಿಸಬಾರದು. ಶಿಕ್ಷಕರಾದ ನಮ್ಮ ಮುಖ್ಯ ಕೆಲಸವಿರುವುದು ಉಳಿದವರ ನಡುವೆಯೇ. ಎಂಟು ಮಂದಿಯನ್ನು ಪಲೂಸಕ್ಕೆ ಕಳುಹಿಸುವುದು ಯಾವ ಶಾಲೆಗೂ ಹೆಮ್ಮೆಯೇ ಸರಿ. ಆದರೆ ಉಳಿದ ಎಲ್ಲರನ್ನೂ ಅಷ್ಟೇ ಶ್ರದ್ಧೆಯಿಂದ ಓದಿಸುವುದು ಶಾಲೆಯ ಧರ್ಮ. ಆ ಧರ್ಮವನ್ನು ನಡೆಯಿಸಲು ಪಾಲಕರಾದ ನಿಮ್ಮ ಸಹಕಾರವನ್ನು ಬೇಡಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.