ಕೊಟ್ಟರೂ ಕಡಮೆಯಾಗದ ಸೊತ್ತು

ಒಂದು ಒಡೆದು ಎರಡಾಗಿ, ಎರಡು ನಾಲ್ಕಾಗಿ, ತಂದೆತಾಯಿಗಳೆಂಬ ಭೇದವಿಲ್ಲದೆ ವಂಶವನ್ನು ಬೆಳಸುವ ಬ್ಯಾಕ್ಟೀರಿಯಗಳಲ್ಲಿ ಪರಸ್ಪರ ಸಮಾಗಮವೆಂಬುದೇ ಇಲ್ಲವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು 1946ರಲ್ಲಿ ಅಲುಗಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿದ್ದ ತರುಣ ಜೋಶುವ ಲೆಡರ್‌ಬರ್ಗ್ ಮತ್ತು ಅವರ ಗುರು ಎಡ್ವರ್ಡ್ ಟೇಟಮ್. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಜಾತಿಯಿಂದ, ಬೇರೆ ಬೇರೆ ಪೋಷಕದ್ರವ್ಯಗಳನ್ನು ತಾವಾಗಿ ತಯಾರಿಸಿಕೊಳ್ಳಲಾರದ ಎರಡು ತಳಿಗಳನ್ನು ಅವರು ಆರಿಸಿಕೊಂಡರು. ಒಂದರ ಕೊರತೆ ಇನ್ನೊಂದರಲ್ಲಿರಲಿಲ್ಲ. ಎರಡನ್ನೂ ಕೂಡಿಸಿ, ಆ ದ್ರವ್ಯಗಳಾವುವೂ ಇಲ್ಲದ ಬಡ ಆಹಾರದ ಮೇಲೆ ಹರಡಲಾಗಿ, ಎಲ್ಲವೂ ಉಪವಾಸ ಬೀಳಬೇಕಾದ ಆ ನೆಲದಲ್ಲಿ, ಸುಮಾರು ಕೋಟಿಗೊಂದರಂತೆ, ಯಾವ ಕೊರತೆಯೂ ಇಲ್ಲದ ಜೀವಿಗಳು ಬೆಳೆದು ನಿಂತುವು!

ಸತ್ತ ಕೋಶಗಳಿಂದ ಸೋರಿದ ವಸ್ತುವೇ ಇದಕ್ಕೆ ಕಾರಣವೆಂದು ಯಾರಾದರೂ ಶಂಕಿಸಬಹುದು, ಶಂಕೆ ನ್ಯಾಯವಾದುದೇ. 1950ರಲ್ಲಿ ಬರ್ನಾರ್ಡ್ ಡೇವಿಸ್ ಬಾಗಿದ ನಳಿಗೆಯೊಂದರ ನಡುವೆ, ದ್ರವ ಹಾದು ಕೋಶಗಳು ಹಾಯದಂಥ ಶೋಧಕವನ್ನಿಟ್ಟು, ಎರಡು ತಳಿಗಳನ್ನು ಎರಡು ಕಡೆ ಬೆಳಸಿದರು. ಹೊಸ ಜೀವಿ ಒಂದೂ ಹುಟ್ಟಲಿಲ್ಲ. ಮೈಗೆ ಮೈ ಸೋಕದೆ ಈ ವ್ಯವಹಾರವಿಲ್ಲವೆಂಬುದು ಅಲ್ಲಿಗೆ ಸಿದ್ಧವಾಯಿತು. ಇದಕ್ಕೆ ಸಂಯುಗ್ಮನವೆಂದು ಹೆಸರು.

ಶ್ರೋತೃಗಳು ಇದನ್ನು ಸಮಾನರ ಕೊಡುಕೊಳೆಯೆಂದು ಭಾವಿಸಬಾರದು. ಲಂಡನ್ನಿನ ವಿಲಿಯಂ ಹೇಯ್ಸ್ ತೋರಿಸಿದಂತೆ, ಒಂದು ಕೊಡುವುದು, ಇನ್ನೊಂದು ಪಡೆಯುವುದು. ದಾನಿಯಲ್ಲಿ ಎಫ್ ಎಂಬ ಅಂಶವಿರುತ್ತದೆ. ಅದು ಉಂಗುರಾಕಾರದ ಪುಟ್ಟ ಡಿ.ಎನ್.ಎ. ಅದರ ಎರಡೆಳೆಗಳಲ್ಲಿ ಒಂದು ನೆರೆಯ ಕೋಶಕ್ಕೆ ದಾಟುವುದು, ಉಳಿದೆಳೆಗೆ ಇಲ್ಲಿ, ಹೋದೆಳೆಗೆ ಅಲ್ಲಿ, ಜೊತೆಯೆಳೆ ಹೊಸದಾಗಿ ನೆಯ್ಯಲ್ಪಡುವುದು. ವಿದ್ಯಾದಾನದಂತೆ, ಕೊಟ್ಟವನಲ್ಲಿಯೂ ಸೊತ್ತು ಉಳಿದೇ ಇರುತ್ತದೆ, ಪಡೆದವನೂ ದಾನಿಯಾಗುತ್ತಾನೆ. ಕೆಲವು ಕೋಶಗಳಲ್ಲಿ ಈ ಅಂಶ ವರ್ಣತಂತುವಿನಲ್ಲಿಯೇ ಬೆಸೆದುಕೊಂಡು ಅದನ್ನೂ ತನ್ನ ಹಿಂದೆ ಎಳೆದೊಯ್ಯುವುದುಂಟು. ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಜಾಕೋಬ್ ಮತ್ತು ವೋಲ್‌ಮನ್ ಅಂಥ ಜೋಡಿಗಳನ್ನು ನಿಮಿಷ ನಿಮಿಷಕ್ಕೂ ಅಡಿಗೆಮನೆಯ ಕಡೆಯುವ ಯಂತ್ರಕ್ಕೆ ಹಾಕಿ ಬೇರ್ಪಡಿಸಿ, ಜೀನುಗಳು ನಿಯತವಾದ ಸಾಲಿನಲ್ಲಿ ಒಂದಾದಮೇಲೊಂದು ಪ್ರವೇಶಿಸುವುದನ್ನು ಕಂಡರು. ಪೂರ್ಣ ವರ್ಣತಂತು ದಾಟಲು ಸುಮಾರು 100 ನಿಮಿಷ ಬೇಕು; ಅಷ್ಟರೊಳಗೆ ಜೋಡಿ ಸಾಮಾನ್ಯವಾಗಿ ಕಳಚಿಹೋಗಿರುತ್ತದೆ. ಮಿಲನವನ್ನು ಕೆಡಿಸಿಯೇ ಅದರ ಮರ್ಮವನ್ನು ತಿಳಿದ ಈ ಚಾತುರ್ಯ ನನಗಂತೂ ಬಹು ಪ್ರಿಯವಾದುದು.

ಇಂಥ ದಾನದ ಪರಿಣಾಮ ಪ್ರಯೋಗಶಾಲೆಯ ಹೊರಗೂ ಕಾಣಿಸಿತು. ಇದೇ ಕಾಲದಲ್ಲಿ ಜಪಾನಿನ ವೈದ್ಯರನ್ನು ರಕ್ತಭೇದಿಯ ಶಿಗೆಲ್ಲ ರೋಗಾಣು ಕಂಗೆಡಿಸಿತ್ತು. ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಈ ನಾಲ್ಕು ಔಷಧಗಳಿಗೂ ಅದು ಒಮ್ಮೆಗೇ ಮಣಿಯದಾಯಿತು. ಕರುಳಿನ ಸಾಧು ನಿವಾಸಿಯಾದ ಇ. ಕೋಲೈಯಿಂದ ಆ ನಾಲ್ಕು ಪ್ರತಿರೋಧಗಳೂ ಒಂದೇ ಗಂಟಾಗಿ ಶಿಗೆಲ್ಲಕ್ಕೆ ದಾಟಬಲ್ಲುವೆಂದು, ಎರಡು ಜಾತಿಗಳನ್ನೂ ಒಂದೇ ಪಾತ್ರೆಯಲ್ಲಿ ಬೆಳಸಿ, ಅಲ್ಲಿನ ವಿಜ್ಞಾನಿಗಳು 1959ರ ಹೊತ್ತಿಗೆ ತೋರಿಸಿಕೊಟ್ಟರು. ಔಷಧದ ಮುಖವನ್ನೇ ಕಾಣದ ರೋಗಾಣುವೂ ಅದನ್ನು ಎದುರಿಸುವ ಬಲವನ್ನು ಹೀಗೆ ನೆರೆಯವನಿಂದ ಪಡೆದಿರಬಹುದು.