ರೆಂಬೆ ಕಡಿಯುವುದಕ್ಕೂ ವಿದ್ಯೆ ಬೇಕು
(ಉಪನ್ಯಾಸದ ಪಠ್ಯ)



ಕೂಡ್ಲಿಯಲ್ಲಿ ಒಂದಾದ ತುಂಗೆ-ಭದ್ರೆಯರು ಬೆಟ್ಟಗಳನ್ನು ಹಿಂದೆ ಬಿಟ್ಟು ಹರಿಹರದ ಬಯಲನ್ನು ಸೇರುತ್ತಾರೆ. ಅಲ್ಲಿಯೂ ನೆರೆಯ ದಾವಣಗೆರೆಯಲ್ಲಿಯೂ ಬೇಸಿಗೆ ಉಗ್ರವಾದುದು. ಬೀದಿಬದಿಯ ಬೇವು, ಹೊಂಗೆ, ಆಲದ ಮರಗಳು ಅಲ್ಲಿ ಕೇವಲ ಅಲಂಕಾರವಲ್ಲ. ತಳ್ಳುಗಾಡಿಯ ವ್ಯಾಪಾರಿಗೂ ಬಸ್ಸಿಗೆ ಕಾಯುವವರಿಗೂ ಅವೇ ಸೂರು. ಆದರೆ ಮುಂಗಾರಿಗೆ ಮುನ್ನ ಬೀಸುವ ಬಿರುಗಾಳಿಗೆ ಕೊಂಬೆ ಮುರಿದು ಬಿದ್ದರೆ ಜೀವಕ್ಕೇ ಅಪಾಯ. ಈ ಭಯದಿಂದಲೇ ಮರದ ತಲೆ ಬೋಳಿಸುವ ರೂಢಿ ನಾಡಿನ ಪಟ್ಟಣಗಳಲ್ಲಿ ಬೆಳೆದಿದೆ.

ತಲೆ ಬೋಳಿಸಿದರೆ ಅಪಾಯ ಕಳೆಯುವುದೇ? ಇಲ್ಲ, ಹೆಚ್ಚುತ್ತದೆ. ಎಲೆಗಳನ್ನು ಕಳೆದುಕೊಂಡ ಮರಕ್ಕೆ ಆಹಾರವಿಲ್ಲ. ದೊಡ್ಡ ಗಾಯದ ಮೂಲಕ ಶಿಲೀಂಧ್ರ ಹೊಕ್ಕು ಒಳಮರ ಕೊಳೆಯುತ್ತದೆ. ಗಾಯದ ಸುತ್ತ ಚಿಗುರುವ ಕೊಂಬೆಗಳಿಗೆ ಆಳವಾದ ಹಿಡಿತವಿರುವುದಿಲ್ಲ. ಕೆಲವು ವರ್ಷಗಳಲ್ಲಿ ಭಾರ ಹೆಚ್ಚಿದಾಗ ಅವೇ ಕಳಚಿ ಬೀಳುತ್ತವೆ. ಆಗ ಜನರು ಮರವನ್ನೇ ದೂಷಿಸಿ, ಬುಡಕ್ಕೇ ಕೊಡಲಿ ಹಾಕುತ್ತಾರೆ.

ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಮರದ ಗಾಯ ಪ್ರಾಣಿಗಳ ಗಾಯದಂತೆ ಮಾಯುವುದಿಲ್ಲ, ಮರವು ಅದರ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ ಎಂದು ತೋರಿಸಿದರು. ಕೊಂಬೆಯ ಬುಡದಲ್ಲಿ ಉಬ್ಬಿರುವ ಕೊರಳು ಈ ರಕ್ಷಣೆಯ ನೆಲೆ. ಆದುದರಿಂದ ಕಾಂಡಕ್ಕೆ ಸಮನಾಗಿ ಸವರಬಾರದು, ಉದ್ದನೆಯ ಮೋಟನ್ನೂ ಉಳಿಸಬಾರದು. ಕೊರಳಿನ ಹೊರಅಂಚಿಗೆ ಕತ್ತರಿಸಬೇಕು. ಡಾಂಬರು, ಬಣ್ಣ ಬಳಿದರೆ ಕೊಳೆತ ನಿಲ್ಲದು.

ಭಾರವಾದ ಕೊಂಬೆಗೆ ಗರಗಸವನ್ನು ಮೂರು ಬಾರಿ ಇಡಬೇಕು. ಕಾಂಡದಿಂದ ಸುಮಾರು ಒಂದು ಅಡಿ ದೂರದಲ್ಲಿ ಮೊದಲು ಕೆಳಗಿನಿಂದ ಅರೆಗೊಯ್ತ. ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ಣ ಕೊಯ್ತ. ಕೊನೆಗೆ ಉಳಿದ ಮೋಟನ್ನು ಕೊರಳಿನ ಬಳಿ ತೆಗೆಯುವುದು. ಹೀಗೆ ಮಾಡಿದರೆ ತೊಗಟೆ ಸೀಳಿ ಕಾಂಡದವರೆಗೆ ಸುಲಿಯುವುದಿಲ್ಲ. ಒಣಗಿದ, ಬಿರುಕುಬಿಟ್ಟ ಕೊಂಬೆಗಳು ಮೊದಲು ಹೋಗಲಿ; ಒಂದೇ ವರ್ಷದಲ್ಲಿ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ಹೋಗದಿರಲಿ. ಹಗ್ಗ, ಶಿರಸ್ತ್ರಾಣಗಳಿಲ್ಲದೆ ಯಾರೂ ಮರವೇರಬಾರದು. ಹತ್ತಿರದ ತಂತಿಯಲ್ಲಿ ವಿದ್ಯುತ್ ನಿಲ್ಲಿಸದೆ ಕೆಲಸ ಆರಂಭಿಸಲೇಬಾರದು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ರೆಂಬೆ ಕಡಿಯುವುದನ್ನೂ ತಲೆ ಸವರುವುದನ್ನೂ ಮರ ಕಡಿಯುವುದರ ವ್ಯಾಖ್ಯೆಯಲ್ಲೇ ಸೇರಿಸಿದೆ. ಕಾನೂನಿನ ಈ ವಿವೇಕ ಗರಗಸ ಹಿಡಿದ ಕೈಗೂ ತಲುಪಬೇಕು. ದಾವಣಗೆರೆಯ ಮಹಾನಗರಪಾಲಿಕೆ, ಹರಿಹರದ ನಗರಸಭೆಗಳಲ್ಲಿ ತರಬೇತಿ ಪಡೆದ ಮರಗೆಲಸದವರಿದ್ದು, ಮುಂಗಾರಿಗೆ ಮುನ್ನ ಪ್ರತಿ ಹಿರಿಯ ಮರದ ಪೊಟರೆ, ಬಿರುಕು, ಬುಡದ ಅಣಬೆಗಳನ್ನು ಪರೀಕ್ಷಿಸುವಂತಾದರೆ ಜೀವವೂ ಉಳಿದೀತು, ನೆರಳೂ ಉಳಿದೀತು.

ಮರ ಉಳಿದರೆ ಮಾತ್ರ ಬರುವ ವರ್ಷ ಸೊಪ್ಪು ಎಂಬುದು ಸೊಪ್ಪಿನಬೆಟ್ಟದ ರೈತರಿಗೆ ಹೊಸ ಮಾತಲ್ಲ. ಬೆಟ್ಟದ ಆ ಅರಿವು ನದಿಯ ನೀರಿನಂತೆ ಬಯಲಿನ ಪಟ್ಟಣಗಳಿಗೂ ಹರಿಯಲಿ.